ಶಾಲೆಯ ಗೇಟು ದಾಟಿದ ಮೇಲೂ ನಾನು ಶಿಕ್ಷಕಿಯೇ?

(ತರಬೇತಿಯಲ್ಲಿರುವ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬಹಳ ವರ್ಷಗಳ ಹಿಂದಿನ ಮಾತು. ನಾನು ಒಂದು ವಿಚಾರಣಾ ಸಮಿತಿಯಲ್ಲಿದ್ದೆ. ಮೂವರು ಸದಸ್ಯರು, ಅವರಲ್ಲಿ ನಾನೇ ಕಿರಿಯಳು. ನಮ್ಮೆದುರು ಕುಳಿತಿದ್ದವರು ಎಂಟನೆಯ ತರಗತಿಗೆ ಗಣಿತ ಕಲಿಸುತ್ತಿದ್ದ ಶಿಕ್ಷಕಿ. ಗಂಡನಿಂದ ದೂರವಾಗಿ ಬೇರೊಬ್ಬರ ಜೊತೆ ಬಾಳುತ್ತಿದ್ದಾರೆ, ಇಂಥವರು ಮಕ್ಕಳಿಗೆ ಏನು ಕಲಿಸಿಯಾರು ಎಂದು ಕೆಲವು ಪೋಷಕರು ದೂರು ಕೊಟ್ಟಿದ್ದರು. ವಿಚಾರಣೆ ಎರಡು ದಿನ ನಡೆಯಿತು. ಮನೆಗೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ, ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ, ಗಂಡನ ಮನೆಯವರು ಏನನ್ನುತ್ತಾರೆ, ಎಲ್ಲವನ್ನೂ ಕೇಳಿದೆವು. ಅವರು ಪಾಠ ಹೇಗೆ ಮಾಡುತ್ತಾರೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಒಂದು ಮಗುವನ್ನೂ ಮಾತಾಡಿಸಲಿಲ್ಲ. ಒಂದು ನೋಟ್‌ಬುಕ್ಕನ್ನೂ ತೆರೆದು ನೋಡಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕೆಂಬ ಯೋಚನೆಯೇ ನನಗೆ ಬರಲಿಲ್ಲ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ನಮ್ಮ ವರದಿಗೆ ಅವರು ಕಾಯಲಿಲ್ಲ. ಎರಡನೆಯ ದಿನ ಸಂಜೆ ರಾಜೀನಾಮೆ ಬರೆದುಕೊಟ್ಟು ಹೋದರು. ಆ ವರ್ಷ ಎಂಟನೆಯ ತರಗತಿಯ ಬೀಜಗಣಿತ ಅರ್ಧಕ್ಕೇ ನಿಂತಿತು.

ನೀವು ಇನ್ನು ಕೆಲವೇ ತಿಂಗಳಲ್ಲಿ ತರಗತಿಗೆ ಕಾಲಿಡುವವರು. ವೃತ್ತಿಯ ನಿಯಮಗಳು ಶಿಕ್ಷಕರ ಖಾಸಗಿ ಬದುಕಿಗೂ ಅನ್ವಯಿಸುತ್ತವೆಯೇ ಎಂಬ ಪ್ರಶ್ನೆ ನಿಮ್ಮನ್ನು ಒಂದಲ್ಲ ಒಂದು ದಿನ ತಟ್ಟುತ್ತದೆ. ದೂರು ನಿಮ್ಮ ಮೇಲೇ ಬರಬಹುದು, ಪಕ್ಕದ ಕುರ್ಚಿಯ ಸಹೋದ್ಯೋಗಿಯ ಮೇಲೆ ಬರಬಹುದು, ಇಲ್ಲವೇ ನನ್ನ ಹಾಗೆ ನೀವೇ ತೀರ್ಪು ಹೇಳುವ ಮೇಜಿನ ಹಿಂದೆ ಕೂರಬೇಕಾಗಬಹುದು. ಆ ಮೂರನೆಯ ಸ್ಥಿತಿಗೆ ನಮ್ಮನ್ನು ಯಾರೂ ಸಿದ್ಧಪಡಿಸುವುದಿಲ್ಲ. ಆದ್ದರಿಂದ ನಾನು ಹೆಚ್ಚಾಗಿ ಅದರ ಬಗ್ಗೆಯೇ ಮಾತಾಡುತ್ತೇನೆ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಶಿಕ್ಷಕರೆಂದರೆ ಇಪ್ಪತ್ನಾಲ್ಕು ಗಂಟೆಯೂ ಶಿಕ್ಷಕರೇ, ಅವರು ಮಕ್ಕಳಿಗೆ ಮಾದರಿ, ಅವರ ಬದುಕಿನ ಯಾವ ಮೂಲೆಯೂ ಸಮಾಜದ ಕಣ್ಣಿಗೆ ಹೊರತಲ್ಲ ಎಂಬುದು ಮೊದಲನೆಯದು. ಕೊನೆಯ ಗಂಟೆ ಹೊಡೆದ ಮೇಲೆ ನಾನೂ ಎಲ್ಲರಂತೆ ಒಬ್ಬ ನಾಗರಿಕ, ನನ್ನ ಸಂಜೆ ನನ್ನದು ಎಂಬುದು ಎರಡನೆಯದು. ಎರಡರಲ್ಲೂ ನನಗೆ ನಂಬಿಕೆಯಿಲ್ಲ. ಮೊದಲನೆಯ ಉತ್ತರ ಮನುಷ್ಯರನ್ನು ತುಳಿಯುತ್ತದೆ. ಎರಡನೆಯದು ಮಕ್ಕಳನ್ನು ಮರೆಯುತ್ತದೆ.

ನಿಯಮ ಏನು ಹೇಳುತ್ತದೆ ಎಂದಷ್ಟೇ ಕೇಳಿದರೆ ಉತ್ತರ ಸುಲಭ. ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಶಿಕ್ಷಕರ ಮಾನದಂಡಗಳ ಎರಡನೆಯ ಭಾಗವನ್ನು ನೋಡಿ. ಶಾಲೆಯ ಒಳಗೂ ಹೊರಗೂ ಶಿಕ್ಷಕರು ಉನ್ನತ ನಡತೆಯನ್ನು ಕಾಪಾಡಿಕೊಂಡು, ವೃತ್ತಿಯ ಮೇಲೆ ಜನರಿಟ್ಟ ವಿಶ್ವಾಸವನ್ನು ಉಳಿಸಬೇಕು ಎಂದು ಅಲ್ಲಿ ನೇರವಾಗಿ ಬರೆದಿದೆ. ಒಳಗೂ ಹೊರಗೂ. ಅಲ್ಲಿಗೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಮುಗಿಯಿತು. ಆದರೆ ಅದೇ ಪುಟದಲ್ಲಿ ಇನ್ನೊಂದು ಮಾತಿದೆ, ನನಗೆ ಅದು ಹೆಚ್ಚು ಮುಖ್ಯ. ಶಿಕ್ಷಕರು ತಮ್ಮ ವೈಯಕ್ತಿಕ ನಂಬಿಕೆಗಳನ್ನು ಮಕ್ಕಳ ಎಳೆತನವನ್ನು ದುರುಪಯೋಗಪಡಿಸಿಕೊಳ್ಳುವ ರೀತಿಯಲ್ಲಿ ವ್ಯಕ್ತಪಡಿಸಬಾರದು ಎಂಬ ಅರ್ಥದ ಮಾತು ಅದು. ನಂಬಿಕೆ ಇರಬಾರದು ಎಂದು ಅದು ಹೇಳುವುದಿಲ್ಲ. ಆ ನಂಬಿಕೆ ಮಗುವಿನ ಮೇಲೆ ಹೇಗೆ ಬೀಳುತ್ತದೆ ಎಂದು ಕೇಳುತ್ತದೆ. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನೊಳಗಿದೆ, ಅದನ್ನೇ ಸ್ವಲ್ಪ ಬಿಡಿಸುತ್ತೇನೆ.

ಅದಕ್ಕೆ ಮೊದಲು "ಮಾದರಿ" ಎಂಬ ಪದದ ಹತ್ತಿರ ನಿಲ್ಲೋಣ. ಕೇಳಲು ಒಳ್ಳೆಯ ಪದ. ನಾನೂ ಕೆಲವು ಶಿಕ್ಷಕರನ್ನು ಮಾದರಿಯಾಗಿಟ್ಟುಕೊಂಡೇ ಈ ಕೆಲಸಕ್ಕೆ ಬಂದವಳು. ಆದರೆ ಮಾದರಿ ಎನ್ನುವುದು ಮಗು ತಾನಾಗಿ ಆರಿಸಿಕೊಳ್ಳುವ ವಸ್ತು. ಅದನ್ನು ಕಾನೂನು ಮಾಡಿ ಶಿಕ್ಷಕರ ಕೊರಳಿಗೆ ಕಟ್ಟಿದಾಗಲೆಲ್ಲ ಏನಾಗಿದೆ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1944ರ ಶಿಕ್ಷಣ ಕಾಯ್ದೆ ಬರುವವರೆಗೂ ಮದುವೆಯಾದಳು ಎಂಬ ಒಂದೇ ಕಾರಣಕ್ಕೆ ಶಿಕ್ಷಕಿಯನ್ನು ಕೆಲಸದಿಂದ ತೆಗೆಯಬಹುದಿತ್ತು. ಎಷ್ಟೋ ಸ್ಥಳೀಯ ಆಡಳಿತಗಳು ಹಾಗೆ ತೆಗೆದವು. ಗಮನಿಸಿ, ಕದ್ದುಮುಚ್ಚಿ ಯಾರೊಡನೆಯೋ ಇದ್ದಳು ಎಂದಲ್ಲ, ಎಲ್ಲರೆದುರು ಮದುವೆಯಾದಳು ಎಂದು. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 1966ರ ಅಕ್ಟೋಬರ್ 5ರಂದು ಶಿಕ್ಷಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸನ್ನು ಅಂಗೀಕರಿಸಿದವು. ವಿಶ್ವ ಶಿಕ್ಷಕರ ದಿನವನ್ನು ಆ ತಾರೀಖಿನಂದು ಆಚರಿಸುವುದು ಅದೇ ಕಾರಣಕ್ಕೆ. ಅದರಲ್ಲೂ ಮಹಿಳೆಯರ ನೇಮಕಕ್ಕಾಗಲಿ ಕೆಲಸದಲ್ಲಿ ಮುಂದುವರಿಯುವುದಕ್ಕಾಗಲಿ ಮದುವೆ ಅಡ್ಡಿಯಾಗಬಾರದು ಎಂದು ಬರೆಯಬೇಕಾಯಿತು. ಒಂದು ಕಾಲ ಮದುವೆಯಾದವಳನ್ನು ಹೊರಹಾಕಿತು, ನಮ್ಮ ಸಮಿತಿ ಮದುವೆಯಿಂದ ಹೊರಬಂದವಳನ್ನು ವಿಚಾರಣೆಗೆ ಕರೆಯಿತು. ಎರಡೂ ಕಡೆ ಬಾಯಲ್ಲಿದ್ದದ್ದು ಮಕ್ಕಳ ಹಿತವೇ. ಎರಡೂ ಕಡೆ ಮಕ್ಕಳನ್ನು ಕೇಳಿದವರಿಲ್ಲ.

ಈ ಕೆಲಸದ ಹೊರೆಯನ್ನು ನಾನು ಹಗುರ ಮಾಡಿ ಹೇಳುತ್ತಿಲ್ಲ. ಬೇರೆ ವೃತ್ತಿಗಳಿಗೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ. ಕಾಯಿಲೆಯವರು ವೈದ್ಯರನ್ನು ಬದಲಾಯಿಸಬಹುದು, ಕಕ್ಷಿದಾರರು ವಕೀಲರನ್ನು ಬದಲಾಯಿಸಬಹುದು. ಆರನೆಯ ತರಗತಿಯ ಮಗು ತನ್ನ ಶಿಕ್ಷಕರನ್ನು ಬದಲಾಯಿಸಲಾರದು. ಅದು ದಿನಕ್ಕೆ ಐದಾರು ಗಂಟೆ ಆ ಕೋಣೆಯಲ್ಲಿ ಇರಲೇಬೇಕು. ಅಂಕ ಕೊಡುವವರು ನಾವು, ಹೆಸರು ಹಿಡಿದು ಕರೆಯುವವರು ನಾವು, ನಗುವವರೂ ಗದರುವವರೂ ನಾವೇ. ಇಷ್ಟು ಅಧಿಕಾರವನ್ನು ಸಮಾಜ ನಮ್ಮ ಕೈಗೆ ಕೊಟ್ಟಿರುವಾಗ ಅದರ ಜೊತೆ ಒಂದಿಷ್ಟು ನಿಯಮವನ್ನೂ ಕೊಡುತ್ತದೆ, ಕೊಡಲೇಬೇಕು. ಪ್ರಶ್ನೆ ಇರುವುದು ಆ ನಿಯಮದ ಹಗ್ಗ ಎಷ್ಟು ಉದ್ದ ಎಂಬುದರಲ್ಲಿ.

ಆ ಹಗ್ಗದ ಅಳತೆಯನ್ನು ನಾನು ಕಲಿತದ್ದು 1969ರ ಒಂದು ತೀರ್ಪಿನಿಂದ. ಕ್ಯಾಲಿಫೋರ್ನಿಯದಲ್ಲಿ ಮಾರಿಸನ್ ಎಂಬ ಶಿಕ್ಷಕರಿದ್ದರು. 1963ರಲ್ಲಿ ಸಹೋದ್ಯೋಗಿಯಾಗಿದ್ದ ಇನ್ನೊಬ್ಬ ಪುರುಷನ ಜೊತೆ ಅವರಿಗೆ ಒಂದು ವಾರದ ದೈಹಿಕ ಸಂಬಂಧವಿತ್ತು. ಅದು ಹೊರಬಿದ್ದ ಮೇಲೆ "ಅನೈತಿಕ ನಡತೆ" ಎಂಬ ಕಾರಣ ಕೊಟ್ಟು ರಾಜ್ಯದ ಶಿಕ್ಷಣ ಮಂಡಳಿ ಅವರ ಬೋಧನಾ ಪರವಾನಗಿಯನ್ನೇ ರದ್ದು ಮಾಡಿತು. ವಿದ್ಯಾರ್ಥಿಗಳ ಜೊತೆ ಅವರು ಎಂದೂ ತಪ್ಪಾಗಿ ನಡೆದುಕೊಂಡವರಲ್ಲ, ಹಾಗೆಂದು ಯಾರೂ ಆರೋಪಿಸಲೂ ಇಲ್ಲ. ಕ್ಯಾಲಿಫೋರ್ನಿಯ ಸುಪ್ರೀಂ ಕೋರ್ಟ್ ಮಂಡಳಿಯ ಆದೇಶವನ್ನು ಒಪ್ಪಲಿಲ್ಲ. "ಅನೈತಿಕ" ಎಂಬ ಪದವನ್ನು ಹಾಗೇ ಬಿಟ್ಟರೆ ಅದಕ್ಕೆ ಮಿತಿಯೇ ಇರುವುದಿಲ್ಲ ಎಂದಿತು. ಸೋಮಾರಿತನ, ಹೊಟ್ಟೆಬಾಕತನ, ಜಂಬ, ಸ್ವಾರ್ಥ, ದುರಾಸೆ, ಹೇಡಿತನ ಇವೆಲ್ಲವೂ ಅನೈತಿಕವೆಂದು ಭಾವಿಸುವವರು ಬಹಳ ಮಂದಿ ಇದ್ದಾರೆ, ಹಾಗೆಂದು ಇವಕ್ಕೆಲ್ಲ ಪರವಾನಗಿ ಕಿತ್ತುಕೊಳ್ಳಲು ಬರುತ್ತದೆಯೇ ಎಂಬುದು ಅದರ ವಾದ.

ಹಾಗಾದರೆ ಕೇಳಬೇಕಾದದ್ದು ಏನು? ಆ ನಡತೆಗೂ ಈ ವ್ಯಕ್ತಿ ಕಲಿಸುವುದಕ್ಕೂ ಸಂಬಂಧವಿದೆಯೇ? ಅದರಿಂದ ವಿದ್ಯಾರ್ಥಿಗಳಿಗೋ ಸಹ ಶಿಕ್ಷಕರಿಗೋ ಹಾನಿಯಾಗುವ ಸಂಭವವಿದೆಯೇ, ಇದ್ದರೆ ಎಷ್ಟು? ನಡೆದು ಎಷ್ಟು ಕಾಲವಾಯಿತು? ಮತ್ತೆ ನಡೆಯುವ ಸಾಧ್ಯತೆ ಇದೆಯೇ? ಯಾವ ಉದ್ದೇಶದಿಂದ ನಡೆಯಿತು? ಇವರನ್ನು ಶಿಕ್ಷಿಸಿದರೆ ಉಳಿದ ಶಿಕ್ಷಕರು ತಮ್ಮ ಹಕ್ಕುಗಳನ್ನು ಬಳಸಲು ಹೆದರುವಂತಾಗುತ್ತದೆಯೇ? ಕೊನೆಯ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಒಬ್ಬರನ್ನು ಹೊರಹಾಕಿದಾಗ ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಸ್ವಲ್ಪ ಕುಗ್ಗುತ್ತಾರೆ, ಆ ಲೆಕ್ಕವನ್ನು ಯಾವ ವಿಚಾರಣಾ ವರದಿಯಲ್ಲೂ ನಾನು ನೋಡಿಲ್ಲ.

ಎಲ್ಲ ನ್ಯಾಯಾಲಯಗಳೂ ಹೀಗೆ ಯೋಚಿಸಿದವು ಎಂದುಕೊಳ್ಳಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದಲ್ಲಿ ಗಂಡ ಹೆಂಡತಿ ಇಬ್ಬರೂ ಶಿಕ್ಷಕರು. ಗಂಡ ತೆಗೆದ ಹೆಂಡತಿಯ ಅರೆನಗ್ನ ಚಿತ್ರ ಪತ್ರಿಕೆಯೊಂದರ ಸ್ಪರ್ಧೆಗೆ ಹೋಗಿ 1985ರಲ್ಲಿ ಅಚ್ಚಾಯಿತು. ಇಬ್ಬರೂ ಅಮಾನತಾದರು. 1987ರಲ್ಲಿ ಆ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ ಒಂದು ತಿಂಗಳ ಅಮಾನತನ್ನು ಎತ್ತಿಹಿಡಿಯಿತು. ಶಿಕ್ಷಕರಿಗೆ ಸಮುದಾಯದಲ್ಲಿ ಮುಂದಾಳುಗಳ ಸ್ಥಾನವಿದೆ, ಅವರ ನಡತೆಯಿಂದ ಊರಿನಲ್ಲಿ ವಿವಾದವೆದ್ದು ಗೌರವ ಕುಂದಿದರೆ ಶಿಕ್ಷಣ ವ್ಯವಸ್ಥೆಗೇ ಪೆಟ್ಟು ಎಂಬುದು ಅದರ ನಿಲುವು. ಈ ತರ್ಕಕ್ಕೂ ಬೆಲೆಯಿದೆ, ವಿಶ್ವಾಸವಿಲ್ಲದೆ ಶಾಲೆ ನಡೆಯುವುದಿಲ್ಲ. ಆದರೂ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಗುಲ್ಲೆದ್ದದ್ದೇ ತಪ್ಪಿಗೆ ಪುರಾವೆಯಾದರೆ, ಜೋರಾಗಿ ಕೂಗುವವರ ಕೈಗೆ ನಮ್ಮ ನೌಕರಿ ಹೋಗುತ್ತದೆ. ನಮ್ಮ ಗಣಿತ ಶಿಕ್ಷಕಿಯ ವಿಷಯದಲ್ಲಿ ನಡೆದದ್ದು ಅದೇ.

ಈ ತರ್ಕ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 2010ರ ಫೆಬ್ರುವರಿಯಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಾಸ್ ಅವರ ಮನೆಗೆ ಕ್ಯಾಮೆರಾ ಹಿಡಿದವರು ನುಗ್ಗಿದರು. ಇನ್ನೊಬ್ಬ ವಯಸ್ಕ ಪುರುಷನ ಜೊತೆ ಅವರಿದ್ದುದನ್ನು ಚಿತ್ರೀಕರಿಸಿದರು. ಮನೆಗೆ ನುಗ್ಗಿದವರ ತಪ್ಪು ಹಿಂದೆ ಸರಿಯಿತು, ವಿಶ್ವವಿದ್ಯಾಲಯ ಅಮಾನತು ಮಾಡಿದ್ದು ಪ್ರಾಧ್ಯಾಪಕರನ್ನು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರು ತಮ್ಮ ಮನೆಯಲ್ಲಿ ಶವವಾಗಿ ಸಿಕ್ಕಿದರು. ಮುಚ್ಚಿದ ಬಾಗಿಲ ಹಿಂದೆ ಇಬ್ಬರು ವಯಸ್ಕರು ಇದ್ದರೆ ಅದರಿಂದ ಮರಾಠಿ ಪಾಠಕ್ಕೆ ಏನಾಯಿತು ಎಂದು ಯಾರಾದರೂ ಕೇಳಿದ್ದರೆ, ಅಮಾನತಿನ ಆ ಕಾಗದ ಹುಟ್ಟುತ್ತಲೇ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಎರಡನೆಯ ಉತ್ತರದ ಕಡೆ ವಾಲಿದ ಹಾಗಾಗುತ್ತದೆ. ನನ್ನ ಸಂಜೆ ನನ್ನದು, ಪಾಠದ ತಂಟೆಗೆ ಬರದಿದ್ದರೆ ನನ್ನ ತಂಟೆಗೆ ಬರಬೇಡಿ ಎಂದು ಹೇಳಿ ಮನೆಗೆ ಹೋಗಬಹುದಿತ್ತು. ಆದರೆ ಬಹಳ ವರ್ಷಗಳ ಮೇಲೆ ಇನ್ನೊಂದು ಶಾಲೆಯಲ್ಲಿ ನಡೆದದ್ದು ನನ್ನನ್ನು ತಡೆಯುತ್ತದೆ.

ಅಲ್ಲಿ ಇತಿಹಾಸ ಕಲಿಸುವ ಒಬ್ಬ ಶಿಕ್ಷಕರಿದ್ದರು. ಹೊತ್ತಿಗೆ ಸರಿಯಾಗಿ ಬರುವವರು, ಪಾಠ ಟಿಪ್ಪಣಿ ಎಂದೂ ತಪ್ಪಿಸದವರು, ಮನೆತನ ಸಂಸಾರಗಳಲ್ಲಿ ಬೆರಳು ತೋರಿಸಲು ಯಾರಿಗೂ ಏನೂ ಸಿಗದವರು. ಅವರು ರಾತ್ರಿ ಹೊತ್ತು ತಮ್ಮ ಸ್ವಂತ ಮೊಬೈಲಿನಿಂದ, ತಮ್ಮ ಸ್ವಂತ ಖಾತೆಯಲ್ಲಿ, ಒಂದು ಸಮುದಾಯದ ಜನರ ಬಗ್ಗೆ ಬರೆಯುತ್ತಿದ್ದರು. ಇಲ್ಲಿ ಅದನ್ನು ಓದಿ ಹೇಳಲಾರೆ, ಇಂಥವರು ನಮ್ಮ ನಡುವೆ ಬದುಕಲು ಯೋಗ್ಯರಲ್ಲ ಎಂಬ ಧಾಟಿಯ ಮಾತುಗಳು. ತರಗತಿಯಲ್ಲಿ ಅಂಥ ಒಂದು ಶಬ್ದವನ್ನೂ ಅವರು ಆಡಿದವರಲ್ಲ. ಅವರ ತರಗತಿಯಲ್ಲಿ ಆ ಸಮುದಾಯದ ಒಬ್ಬ ಹುಡುಗಿ ಇದ್ದಳು. ಚುರುಕು ಹುಡುಗಿ, ನನ್ನ ವಿಜ್ಞಾನದ ತರಗತಿಯಲ್ಲಿ ಅವಳ ಕೈ ಕೆಳಗಿಳಿಯುತ್ತಲೇ ಇರಲಿಲ್ಲ. ಇತಿಹಾಸದ ತರಗತಿಯಲ್ಲಿ ಅವಳು ಕೊನೆಯ ಬೆಂಚಿಗೆ ಹೋಗಿದ್ದಳು. ಕಾರಣ ಕೇಳಿದೆ. ಮೊದಲು ಏನೂ ಹೇಳಲಿಲ್ಲ. ಆಮೇಲೆ, "ಮಿಸ್, ಸರ್ ಬರೆದದ್ದನ್ನು ಅಣ್ಣ ತೋರಿಸಿದ. ನನ್ನ ಉತ್ತರ ಪತ್ರಿಕೆ ನೋಡುವಾಗ ಅವರಿಗೆ ಏನನ್ನಿಸುತ್ತದೆ?" ಎಂದು ಕೇಳಿದಳು.

ಸ್ಟಾಫ್ ರೂಮಿನಲ್ಲಿ ವಿಷಯ ಎತ್ತಿದೆ. ಶಾಲೆಯ ವೇಳೆಯಲ್ಲಿ ಅವರು ಏನೂ ಅಂದಿಲ್ಲವಲ್ಲ, ಅದು ಅವರ ಖಾಸಗಿ ವಿಚಾರ ಎಂದರು. ಗಣಿತ ಶಿಕ್ಷಕಿಯ ಮನೆಯ ಬಾಗಿಲನ್ನು ಖಾಸಗಿ ಎಂದು ಯಾರೂ ಅಂದಿರಲಿಲ್ಲ, ಲಕ್ಷ ಜನ ಓದಬಹುದಾದ ಬರಹವನ್ನು ಖಾಸಗಿ ಎಂದು ಕರೆದರು. ನಾವು ಗೆರೆ ಎಳೆಯುತ್ತೇವೆ, ಆದರೆ ತಪ್ಪು ಜಾಗದಲ್ಲಿ ಎಳೆಯುತ್ತೇವೆ ಎಂದು ನನಗೆ ಅಂದು ಮನದಟ್ಟಾಯಿತು.

ಆ ಹುಡುಗಿಯ ಪ್ರಶ್ನೆಗೆ ಹತ್ತಿರವಾದದ್ದು ಎಲ್ಲಾದರೂ ಇದೆಯೇ ಎಂದು ಹುಡುಕುವಾಗ ಕೆನಡಾದ ರಾಸ್ ಪ್ರಕರಣ ಸಿಕ್ಕಿತು. ಮಾಲ್ಕಮ್ ರಾಸ್ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಶಿಕ್ಷಕ. ಕ್ರೈಸ್ತ ನಾಗರಿಕತೆಯ ವಿರುದ್ಧ ಯಹೂದಿಗಳು ಸಂಚು ನಡೆಸುತ್ತಿದ್ದಾರೆ ಎಂದು ಬಿಡುವಿನ ವೇಳೆಯಲ್ಲಿ ಪುಸ್ತಕ, ಕರಪತ್ರಗಳನ್ನು ಬರೆದು ಹಂಚಿದವರು, ಟಿವಿಯಲ್ಲೂ ಮಾತಾಡಿದವರು. ತರಗತಿಯಲ್ಲಿ ಅದನ್ನು ಕಲಿಸಿದರೆಂಬುದಕ್ಕೆ ನೇರ ಸಾಕ್ಷ್ಯ ಇರಲಿಲ್ಲ. 1988ರಲ್ಲಿ ಒಬ್ಬ ಯಹೂದಿ ಪೋಷಕರು ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ವಿಚಾರಣೆಯಲ್ಲಿ ಒಬ್ಬ ಹುಡುಗಿ ಹೇಳಿದ ಸಾಕ್ಷ್ಯ ತೀರ್ಪಿನಲ್ಲಿ ದಾಖಲಾಗಿದೆ. ಅವಳು ಆ ಶಾಲೆಯವಳೂ ಅಲ್ಲ. ಜಿಮ್ನಾಸ್ಟಿಕ್ಸ್ ಸ್ಪರ್ಧೆ ನೋಡಲು ರಾಸ್ ಅವರ ಶಾಲೆಗೆ ಹೋಗಬೇಕೆಂದಿದ್ದಾಗ, ನೀನು ಅಲ್ಲಿಗೆ ಹೋಗುವಂತಿಲ್ಲ, ಯಹೂದಿಗಳನ್ನು ದ್ವೇಷಿಸುವ ಶಿಕ್ಷಕರು ಇರುವುದು ಅಲ್ಲೇ ಎಂದು ಇನ್ನೊಂದು ಮಗು ಎಚ್ಚರಿಸಿತಂತೆ. ನೋಡಿ, ಶಿಕ್ಷಕರು ಬಿಡುವಿನಲ್ಲಿ ಬರೆದದ್ದು ಶಾಲೆಯ ಕಾಂಪೌಂಡ್ ಗೋಡೆಗಿಂತ ಎತ್ತರದ ಗೋಡೆಯಾಗಿ ಒಂದು ಮಗುವಿನ ಮುಂದೆ ಎದ್ದು ನಿಂತಿತು.

1996ರ ಏಪ್ರಿಲ್ 3ರಂದು ಕೆನಡಾದ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಈ ಬರಹಗಳಿಂದ ಶಾಲೆಯ ವಾತಾವರಣ ವಿಷಮಯವಾಯಿತು ಎಂದು ತೀರ್ಮಾನಿಸುವುದು ನ್ಯಾಯವೇ, ಎಳೆಯ ಮಕ್ಕಳು ಇಂಥದ್ದಕ್ಕೆ ಬೇಗ ಸಿಲುಕುತ್ತಾರೆ, ಆದ್ದರಿಂದ ಇವರನ್ನು ತರಗತಿಯಿಂದ ತೆಗೆದದ್ದು ಸರಿ ಎಂದಿತು. ಬಹಳ ಜನ ಈ ಪ್ರಕರಣವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂದೆಯೂ ಕೇಳಿ. ದೂರನ್ನು ಮೊದಲು ವಿಚಾರಿಸಿದ ಮಂಡಳಿಯ ಆದೇಶದಲ್ಲಿ ಇನ್ನೊಂದು ಷರತ್ತಿತ್ತು. ಬೋಧನೆಯಲ್ಲದ ಕೆಲಸ ಕೊಟ್ಟ ಮೇಲೂ ಅಂಥದ್ದನ್ನು ಮತ್ತೆ ಪ್ರಕಟಿಸಿದರೆ ಕೆಲಸದಿಂದಲೇ ವಜಾ ಮಾಡಬೇಕೆಂದು. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮಕ್ಕಳೇ ಎದುರಿಗಿಲ್ಲದ ಕುರ್ಚಿಯಲ್ಲಿ ಕುಳಿತವನ ಬಾಯಿ ಮುಚ್ಚಿಸಲು ಮಕ್ಕಳ ಹೆಸರನ್ನು ಬಳಸುವಂತಿಲ್ಲ. ಆ ಬರಹಗಳನ್ನು ನಾನು ಅಸಹ್ಯಪಡುತ್ತೇನೆ. ಆದರೂ ಈ ತೀರ್ಪಿನ ಸೂಕ್ಷ್ಮ ನನಗೆ ಹಿಡಿಸುತ್ತದೆ. ಹಗ್ಗದ ಉದ್ದ ಮಗು ಇರುವಲ್ಲಿಯವರೆಗೆ ಮಾತ್ರ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ತರಬೇತಿಯಲ್ಲಿ ಈ ಮಾತು ಹೇಳಿದಾಗಲೆಲ್ಲ ಯಾರಾದರೊಬ್ಬರು ಎದ್ದು ಕೇಳುತ್ತಾರೆ: ಹಾಗಾದರೆ ಜನಪ್ರಿಯವಲ್ಲದ ಯಾವ ವಿಚಾರವನ್ನೂ ಶಿಕ್ಷಕರು ಹೊರಗೆ ಹೇಳುವಂತಿಲ್ಲವೇ? ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ರಾಸ್ ತೀರ್ಪಿಗೆ ಆರು ತಿಂಗಳು ಮುಂಚೆಯೇ, ಇನ್ನೊಂದು ಖಂಡದಲ್ಲಿ ಬಂದಿತ್ತು. ಜರ್ಮನಿಯ ಯೇವರ್ ಪಟ್ಟಣದಲ್ಲಿ ಡೊರೊಥಿಯ ಫೋಗ್ಟ್ ಎಂಬ ಶಿಕ್ಷಕಿ ಜರ್ಮನ್ ಮತ್ತು ಫ್ರೆಂಚ್ ಕಲಿಸುತ್ತಿದ್ದರು. ಅವರು ಕಮ್ಯುನಿಸ್ಟ್ ಪಕ್ಷದ ಸದಸ್ಯೆ. ಪಕ್ಷ ಕಾನೂನುಬಾಹಿರವೇನೂ ಆಗಿರಲಿಲ್ಲ. ಆದರೂ ಸಂವಿಧಾನ ನಿಷ್ಠೆಗೆ ಭಂಗವೆಂದು 1986ರಲ್ಲಿ ಅವರನ್ನು ಅಮಾನತು ಮಾಡಿ 1987ರಲ್ಲಿ ವಜಾ ಮಾಡಿದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1995ರ ಸೆಪ್ಟೆಂಬರ್ 26ರಂದು ಈ ವಜಾ ಅವರ ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ಹೇಳಿತು. ಹತ್ತು ನ್ಯಾಯಾಧೀಶರು ಒಂದು ಕಡೆ, ಒಂಬತ್ತು ಮಂದಿ ಇನ್ನೊಂದು ಕಡೆ. ಎಷ್ಟು ಕಷ್ಟದ ಪ್ರಶ್ನೆ ಎಂಬುದು ಆ ಅಂಕಿಯಲ್ಲೇ ಕಾಣುತ್ತದೆ.

ಅಲ್ಲಿ ನ್ಯಾಯಾಲಯ ನೋಡಿದ್ದೇನು? ಅವರ ಪಾಠದ ಬಗ್ಗೆ ದೂರಿರಲಿಲ್ಲ. ವಿದ್ಯಾರ್ಥಿಗಳೂ ಪೋಷಕರೂ ಅವರನ್ನು ಗೌರವಿಸುತ್ತಿದ್ದರು. ತಮ್ಮ ಸ್ಥಾನವನ್ನು ಬಳಸಿ ಮಕ್ಕಳ ತಲೆಗೆ ಪಕ್ಷದ ವಿಚಾರ ತುಂಬಿದರೆಂಬ ಟೀಕೆ ಯಾರದೂ ಇರಲಿಲ್ಲ. ಮತ್ತೊಂದು ಮಾತನ್ನೂ ನ್ಯಾಯಾಲಯ ಗಮನಿಸಿತು: ವಜಾ ಎಂಬುದು ಶಿಕ್ಷಕರ ಪಾಲಿಗೆ ಬಹಳ ಕಠಿಣ ಶಿಕ್ಷೆ, ಕಲಿತ ಕೆಲಸವನ್ನು ಬೇರೆಲ್ಲೂ ಮಾಡಲು ಅವಕಾಶವೇ ಸಿಗದಂತೆ ಆಗುತ್ತದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವ ಮುನ್ನ ಆಡಳಿತ ಮಂಡಳಿಗಳು ಈ ಸಾಲನ್ನು ಓದಬೇಕು.

ರಾಸ್ ಮತ್ತು ಫೋಗ್ಟ್ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಬ್ಬರು ಬಲ, ಇನ್ನೊಬ್ಬರು ಎಡ ಎಂಬ ಕಾರಣಕ್ಕೆ ಉತ್ತರ ಬೇರೆಯಾಗಲಿಲ್ಲ. ಫೋಗ್ಟ್ ಅವರ ರಾಜಕೀಯ ಒಂದು ಆರ್ಥಿಕ ವ್ಯವಸ್ಥೆಯ ಬಗ್ಗೆ. ಅವರ ತರಗತಿಯ ಯಾವ ಮಗುವೂ, ನಾನು ಹುಟ್ಟಿದ ಮನೆಯಿಂದಾಗಿ ಇವರಿಗೆ ನಾನು ಬೇಡ ಎಂದು ಅಂದುಕೊಳ್ಳಬೇಕಾಗಿರಲಿಲ್ಲ. ರಾಸ್ ಬರೆದದ್ದು ತನ್ನ ಜಿಲ್ಲೆಯ ಮಕ್ಕಳ ಹುಟ್ಟಿನ ಬಗ್ಗೆಯೇ. ನಿಮ್ಮ ಅಭಿಪ್ರಾಯ ಎಷ್ಟೇ ಕಹಿಯಾಗಿರಲಿ, ಮಗು ಅದನ್ನು ಓದಿದರೂ ಮರುದಿನ ನಿರ್ಭಯವಾಗಿ ನಿಮ್ಮೆದುರು ಕೈ ಎತ್ತಬಹುದೇ? ನಾನು ಕೇಳುವುದು ಇಷ್ಟೇ. ತೆರಿಗೆ, ಚುನಾವಣೆ, ದೇವರು, ಯುದ್ಧ ಯಾವುದರ ಬಗ್ಗೆ ಬೇಕಾದರೂ ನಿಮಗೆ ಗಟ್ಟಿ ನಿಲುವಿರಲಿ. 1966ರ ಆ ಶಿಫಾರಸು ಹೇಳುವುದೂ ಅದನ್ನೇ: ನಾಗರಿಕರಿಗಿರುವ ಎಲ್ಲ ಹಕ್ಕುಗಳನ್ನು ಚಲಾಯಿಸಲು ಶಿಕ್ಷಕರು ಸ್ವತಂತ್ರರು, ಸಾರ್ವಜನಿಕ ಬದುಕಿನಲ್ಲಿ ಅವರು ಪಾಲ್ಗೊಳ್ಳುವುದನ್ನು ಪ್ರೋತ್ಸಾಹಿಸಬೇಕು.

ಶಾಲೆಯ ಬಗ್ಗೆಯೇ ಹೊರಗೆ ಮಾತಾಡಬಹುದೇ? ಬಹುದು. ಅಮೆರಿಕದ ಇಲಿನಾಯ್‌ನಲ್ಲಿ ಪಿಕರಿಂಗ್ ಎಂಬ ಶಿಕ್ಷಕರು ಶಾಲಾ ಮಂಡಳಿ ಪಾಠಕ್ಕಿಂತ ಆಟೋಟಕ್ಕೆ ಹೆಚ್ಚು ಹಣ ಸುರಿಯುತ್ತಿದೆ ಎಂದು ಸ್ಥಳೀಯ ಪತ್ರಿಕೆಗೆ ಪತ್ರ ಬರೆದು ಕೆಲಸ ಕಳೆದುಕೊಂಡಿದ್ದರು. 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಶಾಲೆಯ ಹಣ ಹೇಗೆ ಖರ್ಚಾಗಬೇಕೆಂದು ತಿಳಿದು ಮಾತಾಡಬಲ್ಲವರು ಶಿಕ್ಷಕರೇ ಅಲ್ಲವೇ ಎಂದು ಅದು ಕೇಳಿತು. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಹೆಚ್ಚು ಹೇಳಬೇಕಾದದ್ದು ಇನ್ನೊಂದಿದೆ. ಖಾಸಗಿ ಎಂಬ ಪದವೇ ಅನ್ವಯಿಸದ ಒಂದು ಜಾಗವಿದೆ, ಅಲ್ಲಿ ನಾನು ಯಾವ ವಾದವನ್ನೂ ಒಪ್ಪುವುದಿಲ್ಲ. ವಿದ್ಯಾರ್ಥಿಯ ಜೊತೆಗಿನ ಸಂಬಂಧ. ಶಾಲೆಯ ಹೊರಗೆ, ರಜೆಯಲ್ಲಿ, ಇಬ್ಬರ ಒಪ್ಪಿಗೆಯಿಂದ ಎಂದೆಲ್ಲ ವಿವರಣೆ ಬರುತ್ತದೆ. ಬ್ರಿಟನ್ 2000ದಲ್ಲಿ ಇದಕ್ಕೆಂದೇ ಕಾನೂನು ಮಾಡಿತು, ಇಂಗ್ಲೆಂಡಿನಲ್ಲಿ ಅದು ಈಗ 2003ರ ಲೈಂಗಿಕ ಅಪರಾಧಗಳ ಕಾಯ್ದೆಯಲ್ಲಿದೆ. ಅಲ್ಲಿ ಒಪ್ಪಿಗೆಯ ವಯಸ್ಸು 16. ಆದರೆ ಅದೇ ಶಾಲೆಯ ಶಿಕ್ಷಕರಾದರೆ 18 ತುಂಬದ ವಿದ್ಯಾರ್ಥಿಯ ಒಪ್ಪಿಗೆಗೆ ಬೆಲೆಯಿಲ್ಲ, ಅದು ವಿಶ್ವಾಸದ ಸ್ಥಾನದ ದುರುಪಯೋಗ, ಅಪರಾಧ. 2022ರಲ್ಲಿ ಇದನ್ನು ಕ್ರೀಡಾ ತರಬೇತುದಾರರಿಗೂ ಧಾರ್ಮಿಕ ಬೋಧಕರಿಗೂ ವಿಸ್ತರಿಸಿದರು. ಅಂಕ ಕೊಡುವ ಕೈಗೆ ಬೇಡ ಎನ್ನುವುದು ಮಗುವಿಗೆ ಎಷ್ಟು ಕಷ್ಟ ಎಂದು ಕಾನೂನಿಗೂ ಅರ್ಥವಾಗಿದೆ. ರಾತ್ರಿ ಹನ್ನೊಂದಕ್ಕೆ ವಿದ್ಯಾರ್ಥಿಗೆ ಕಳಿಸುವ ಒಂದು ಸಂದೇಶವೂ ಇದೇ ದಾರಿಯ ಮೊದಲ ಹೆಜ್ಜೆಯಾಗಬಹುದು. ನಿಮ್ಮ ಮನಸ್ಸು ಶುದ್ಧವಾಗಿದ್ದರೂ ಮಗುವಿಗೆ ಅದು ತಿಳಿಯುವ ದಾರಿಯಿಲ್ಲ.

ನೀತಿ ಅನೀತಿಯ ಗೋಜೇ ಇಲ್ಲದೆ ಬಿಡುವಿನ ವೇಳೆಯನ್ನು ನಿಯಂತ್ರಿಸುವ ನಿಯಮಗಳೂ ಇವೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸುತ್ತದೆ. ನನ್ನ ಸಂಜೆಯಲ್ಲಿ ನಾನು ದುಡಿದರೆ ತಪ್ಪೇನು ಎಂದು ಕೇಳಬಹುದು. ಬೆಳಿಗ್ಗೆ ತರಗತಿಯಲ್ಲಿ ಅರ್ಧ ಬಿಟ್ಟ ಪಾಠ ಸಂಜೆ ಹಣ ಕೊಟ್ಟವರಿಗೆ ಪೂರ್ತಿಯಾದರೆ, ಕೊಡಲಾಗದ ಮಗುವಿನ ಗತಿಯೇನು? ಇಲ್ಲಿ ಗುಲ್ಲಿಲ್ಲ, ಮಾದರಿಯ ಮಾತಿಲ್ಲ. ಮಗುವಿಗೆ ಆಗುವ ನಷ್ಟ ಮಾತ್ರ ಇದೆ. ನಿಯಮವೆಂದರೆ ಹೀಗಿರಬೇಕು ಎನಿಸುತ್ತದೆ ನನಗೆ.

ನಿಮ್ಮ ಪೀಳಿಗೆಗೆ ಬಹಳ ಹೇಳಲಾಗುವ ಒಂದು ಕತೆಯನ್ನು ಸರಿಪಡಿಸಿ ಮುಂದೆ ಹೋಗುತ್ತೇನೆ. ಪೆನ್ಸಿಲ್ವೇನಿಯದಲ್ಲಿ ತರಬೇತಿಯಲ್ಲಿದ್ದ ಒಬ್ಬ ಶಿಕ್ಷಕಿ 2006ರಲ್ಲಿ ಕಡಲುಗಳ್ಳರ ಟೋಪಿ ಹಾಕಿಕೊಂಡು ಪ್ಲಾಸ್ಟಿಕ್ ಲೋಟ ಹಿಡಿದ ತನ್ನ ಚಿತ್ರವನ್ನು ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಹಾಕಿದರು, ಅದೊಂದರಿಂದ ಶಿಕ್ಷಕಿಯಾಗುವ ಅವಕಾಶವೇ ಹೋಯಿತು ಎಂದು ಕತೆ. ಒಂದು ಚಿತ್ರ, ಒಂದು ಜೀವನ ಎಂದು ಹೆದರಿಸುತ್ತಾರೆ. ಅವರು ಹೂಡಿದ ದಾವೆಯಲ್ಲಿ ಬಂದ 2008ರ ತೀರ್ಪು ಓದಿದರೆ ಇನ್ನೂ ಕೆಲವು ಸಂಗತಿ ತಿಳಿಯುತ್ತವೆ. ತನಗೆ ಅಂಥ ಪುಟವಿದೆ ಎಂದು ಅವರು ತರಗತಿಯಲ್ಲೇ ಹೇಳಿದ್ದರು, ಅಲ್ಲಿ ವಿದ್ಯಾರ್ಥಿಗಳ ಬಗ್ಗೆಯೂ ಬರೆದಿದ್ದರು, ಮಾರ್ಗದರ್ಶಕ ಶಿಕ್ಷಕಿಯನ್ನು ಚುಚ್ಚಿದಂತಿದ್ದ ಮಾತೂ ಅಲ್ಲಿತ್ತು, ಅವರ ಬೋಧನೆಯ ಬಗ್ಗೆ ಮೊದಲೇ ತಕರಾರುಗಳಿದ್ದವು. ಆ ಶಿಕ್ಷೆ ಹೆಚ್ಚಾಯಿತೇ ಎಂದರೆ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ಲೋಟ ಹಿಡಿದ ಚಿತ್ರಕ್ಕೂ ವಿದ್ಯಾರ್ಥಿಗಳ ಬಗ್ಗೆ ಬರೆದ ಸಾಲಿಗೂ ಇರುವ ಅಂತರವನ್ನು ನೀವು ಕಾಣಬೇಕು. ಮೊದಲನೆಯದಕ್ಕೆ ಹೆದರಬೇಡಿ. ಎರಡನೆಯದನ್ನು ಮಾಡಬೇಡಿ. ಒಬ್ಬ ಮಗುವಿನ ತಪ್ಪು ಉತ್ತರವನ್ನು, ಹೆಸರಿಲ್ಲದೆಯೂ, ಹತ್ತು ಜನ ನಗಲೆಂದು ಹಾಕಿದರೆ ಆ ಮಗುವಿಗೆ ತನ್ನ ಅಕ್ಷರ ಗುರುತು ಸಿಗುತ್ತದೆ.

ಇತಿಹಾಸ ಶಿಕ್ಷಕರ ವಿಷಯ ಏನಾಯಿತೆಂದು ನಿಮಗೆ ಹೇಳಬೇಕು. ನಾನು ಮುಖ್ಯೋಪಾಧ್ಯಾಯರ ಮೂಲಕ ಅವರೊಡನೆ ಕೂತು ಮಾತಾಡಿದೆ. ಹುಡುಗಿಯ ಹೆಸರು ಹೇಳಲಿಲ್ಲ, ಅವಳ ಪ್ರಶ್ನೆಯನ್ನು ಮಾತ್ರ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು, ಆಮೇಲೆ ನಾನು ಅಂಕದಲ್ಲಿ ಎಂದೂ ಮೋಸ ಮಾಡಿಲ್ಲ ಎಂದರು. ಅದು ನಿಜವೇ ಇರಬೇಕು. ಆದರೆ ಪ್ರಶ್ನೆ ಅಂಕದ್ದಾಗಿರಲಿಲ್ಲ. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಮರುವರ್ಷ ಅವರಿಗೆ ತರಗತಿಯ ಬದಲು ಕಚೇರಿ ಕೆಲಸ ಕೊಟ್ಟರು. ಆ ನಿರ್ಧಾರ ಸರಿ ಎಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಹುಡುಗಿ ಮುಂದಿನ ಬೆಂಚಿಗೆ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು.

ಕೊನೆಯಲ್ಲಿ ಮತ್ತೆ ಆ ಮೊದಲ ಸಮಿತಿಗೆ ಬರುತ್ತೇನೆ. 1966ರ ಶಿಫಾರಸಿನಲ್ಲಿ ಶಿಸ್ತುಕ್ರಮ ಎದುರಿಸುವ ಶಿಕ್ಷಕರಿಗೆ ಏನೇನು ಸಿಗಬೇಕೆಂದು ಒಂದೊಂದಾಗಿ ಬರೆದಿದೆ. ಆರೋಪವೂ ಅದಕ್ಕೆ ಆಧಾರವೂ ಲಿಖಿತವಾಗಿ ಕೈಗೆ ಬರಬೇಕು. ಸಾಕ್ಷ್ಯವನ್ನೆಲ್ಲ ನೋಡಲು ಬಿಡಬೇಕು. ಸಿದ್ಧವಾಗಲು ಸಾಕಷ್ಟು ಸಮಯ ಕೊಡಬೇಕು. ತಾವೇ ವಾದಿಸಬಹುದು, ತಮ್ಮ ಆಯ್ಕೆಯ ಪ್ರತಿನಿಧಿಯನ್ನೂ ಕರೆತರಬಹುದು. ತೀರ್ಮಾನವನ್ನು ಕಾರಣಸಹಿತ ಬರೆದು ಕೊಡಬೇಕು, ಅದರ ಮೇಲೆ ಮೇಲ್ಮನವಿಗೆ ದಾರಿಯಿರಬೇಕು. ನಾವು ಗಣಿತ ಶಿಕ್ಷಕಿಯನ್ನು ಕೂರಿಸಿಕೊಂಡಾಗ ಈ ಶಿಫಾರಸು ಬಂದು ಎಷ್ಟೋ ಕಾಲವಾಗಿತ್ತು. ಮೂವರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ. ದೂರಿನ ಪ್ರತಿಯನ್ನು ಅವರಿಗೆ ಕೊಟ್ಟಿರಲಿಲ್ಲ, ಎದುರಿಗೆ ಓದಿ ಹೇಳಿದೆವು, ಅಷ್ಟೇ. ನಿಮ್ಮಲ್ಲಿ ಯಾರಿಗಾದರೂ ಅಂಥ ಮೇಜಿನ ಹಿಂದೆ ಕೂರುವ ದಿನ ಬಂದರೆ, ಮೊದಲು ಎದುರಿನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿ. ಅಂದು ಆ ಕೋಣೆಯಲ್ಲಿ ಒಂದೇ ಕುರ್ಚಿ ಇತ್ತು, ಎರಡು ದಿನವೂ ಅವರು ಒಬ್ಬರೇ ಕುಳಿತಿದ್ದರು.